ಮುಸುಕಿನ ರಾಣಿಯ ಪೆನ್ನಿ

"ಕೊಟ್ಟ ಮೇಲೆ ಮುಗೀತು. ಆಮೇಲೆ ವಾಪಸ್ ಕೇಳೋ ಹಾಗಿಲ್ಲ, ಗೊತ್ತಲ್ಲ?" ಎಂದಳು ಉದ್ದಜಡೆ.

"ನಾನ್ಯಾಕೆ ಕೇಳ್ಲಿ?" ಎನ್ನುತ್ತಾ ಚೂಟಿ, ಗಡ್ಡದ ರಾಜನ ನಾಣ್ಯವನ್ನು ಜೇಬಿಗಿಳಿಸಿದಳು. ಬದಲಿಗೆ ಅವಳು ಕೊಟ್ಟದ್ದು ಮುಸುಕು ಹೊದ್ದ ಮುದುಕಿ ರಾಣಿಯ ಪೆನ್ನಿ.

ಗೆಳತಿಯರಿಬ್ಬರಿಗೂ ಹಳೆಯ ಬ್ರಿಟಿಷ್ ನಾಣ್ಯಗಳ ಹುಚ್ಚು. ಅವರ ರೂಲ್ ಒಂದೇ: ಒಂದು ಹೆಸರಿಗೆ ಒಂದು ನಾಣ್ಯ, ಮಿಕ್ಕಿದ್ದು ಎಕ್ಸ್‌ಚೇಂಜ್. ಚೂಟಿಯ ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಡಬ್ಬಿಯಲ್ಲಿ ವಿಕ್ಟೋರಿಯಾ ಎಂಬ ಹೆಸರಿನ ಪೆನ್ನಿಗಳು ಎರಡಿದ್ದವು. ಒಂದರಲ್ಲಿ ಕೂದಲಿಗೆ ರಿಬ್ಬನ್ ಕಟ್ಟಿದ ಹುಡುಗಿ, ಇನ್ನೊಂದರಲ್ಲಿ ಕೆನ್ನೆ ಜೋತುಬಿದ್ದ ಮುದುಕಿ. ಚೂಟಿ ಯಾರನ್ನು ಇಟ್ಟುಕೊಂಡಳೆಂದು ಬೇರೆ ಹೇಳಬೇಕೆ?

ಮನೆಯ ಮುಂದಿನ ಕೋಣೆಯೇ ಅಜ್ಜಿಯ ಟೈಲರಿಂಗ್ ಅಂಗಡಿ. ಅಜ್ಜಿ ಯಾರದೋ ಪ್ಯಾಂಟನ್ನು ಗಿಡ್ಡ ಮಾಡುತ್ತಿದ್ದಳು.

"ಅಜ್ಜಿ, ಹೊಸ ರಾಜ ಬಂದ!"

ಅಜ್ಜಿ ಖುಷಿಯಿಂದ ಡಬ್ಬಿ ತೆರೆದಳು. "ಮುದುಕಿ ಎಲ್ಲೇ?"

"ಎಕ್ಸ್‌ಚೇಂಜ್ ಮಾಡ್ದೆ. ಒಂದೇ ಹೆಸರಿನವರು ಇಬ್ಬರು ಯಾಕೆ?"

"ಇಬ್ಬರಲ್ಲ ಕಣೇ, ಒಬ್ಬಳೇ. ಅರವತ್ತು ವರ್ಷಕ್ಕೂ ಜಾಸ್ತಿ ರಾಣಿಯಾಗಿದ್ದಳು. ವಯಸ್ಸಾಗೋದಿಲ್ವಾ?"

ಚೂಟಿ ಪೆಚ್ಚಾದಳು.

"ನಂಗೆ ಮೊದಲು ಸಿಕ್ಕಿದ್ದು ಮುದುಕಿ. ನಂಗಾಗ ಹತ್ತು ವರ್ಷ, ಹೊಲಿಗೆ ಕಲಿಸಿದ ಮೇಡಂ ಕೊಟ್ರು. ಇವಳು ಹುಡುಗಿಯಾಗಿದ್ದಾಗ ಹೇಗಿದ್ದಳೋ ನೋಡ್ಬೇಕು ಅಂತ ಹನ್ನೆರಡು ವರ್ಷ ಹುಡುಕ್ದೆ." ಅಜ್ಜಿ ಮೆಲ್ಲಗೆ ಡಬ್ಬಿ ಮುಚ್ಚಿದಳು. "ಹೋಗ್ಲಿ ಬಿಡು. ಈಗ ಅದು ನಿಂದು."

ಇದಕ್ಕಿಂತ ಅಜ್ಜಿ ಬೈದಿದ್ದರೇ ಚೆನ್ನಾಗಿತ್ತು. ರಾಜ, ಹುಡುಗಿ, ಡಬ್ಬಿಯಲ್ಲಿದ್ದ ಭೂತಕನ್ನಡಿ ಎಲ್ಲ ಬಾಚಿಕೊಂಡು ಚೂಟಿ ಒಂದೇ ಉಸಿರಿಗೆ ಉದ್ದಜಡೆಯ ಮನೆಗೆ ಓಡಿದಳು.

"ಕೇಳೋ ಹಾಗಿಲ್ಲ ಅಂದಿದ್ದೆ!" ಉದ್ದಜಡೆ ಮುಖ ಊದಿಸಿದಳು. "ಮುದುಕಿ ಅಂತ ತಾನೇ ಇವಳನ್ನ ಕೊಟ್ಟಿದ್ದು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚೂಟಿ ಅದನ್ನು ನುಂಗಿಕೊಂಡಳು.

"ಹೂಂ. ಚೆಂದ ಇಲ್ಲ ಅಂತ ಕೊಟ್ಟೆ. ಆದ್ರೆ ಇಬ್ಬರೂ ಒಬ್ಬಳೇ ಕಣೇ. ಮೂಗು ನೋಡು."

ಉದ್ದಜಡೆ ಎರಡೂ ಪೆನ್ನಿಗಳನ್ನು ಪಕ್ಕಪಕ್ಕ ಇಟ್ಟು ಭೂತಕನ್ನಡಿ ಹಿಡಿದಳು. ಅತ್ತ ನೋಡಿದಳು, ಇತ್ತ ನೋಡಿದಳು.

"ಅಯ್ಯೋ, ಹೌದಲ್ಲೇ! ಅದೇ ಮೂಗು!" ಆಮೇಲೆ ಕೈ ಚಾಚಿದಳು. "ಸರಿ, ನನ್ನ ರಾಜ ಕೊಡು. ಭೂತಕನ್ನಡಿ ಒಂದು ತಿಂಗಳು ನಂಗಿರ್ಲಿ."

ತಿಂಗಳು ಎಂದರೆ ಬಹಳವೇ ಆಯಿತು. ಆದರೂ ಚೂಟಿ ಚೌಕಾಸಿ ಮಾಡಲಿಲ್ಲ.

ಅವಳು ಹಿಂತಿರುಗಿದಾಗ ಅಜ್ಜಿ ಕಣ್ಣು ಕಿರಿದು ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಚೂಟಿ ಮೇಜಿನ ಮೇಲೆ ಎರಡೂ ಪೆನ್ನಿಗಳನ್ನಿಟ್ಟಳು. ಅಜ್ಜಿಯ ಮುಖ ಅರಳಿತು.

"ಅಜ್ಜಿ, ಈ ಮುದುಕಿಗೆ ತಾನು ಹುಡುಗಿಯಾಗಿದ್ದು ನೆನಪಿತ್ತಾ?"

"ಇರದೇ ಏನು? ಮೊನ್ನೆ ಮೊನ್ನೆ ನಡೆದ ಹಾಗೆ ಇರುತ್ತೆ. ಆದ್ರೆ ಯಾರೂ ಕೇಳೋದಿಲ್ಲ."

ಚೂಟಿ ಅಜ್ಜಿಯ ಮುಖವನ್ನೇ ನೋಡಿದಳು. ಕೆನ್ನೆ, ಹುಬ್ಬು, ಮೂಗು ಎಲ್ಲವನ್ನೂ ನಿಧಾನವಾಗಿ ನೋಡಿದಳು. ಆಮೇಲೆ ಸ್ಟೂಲನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಹೇಳಜ್ಜಿ," ಎಂದಳು.