ಮೂರು ಗಂಟೆ ಎಂಟು ನಿಮಿಷಕ್ಕೆ ಅವಳ ಸರದಿ

ಪರದೆ ಸರಿದಾಗ ವೇದಿಕೆಯ ಮೇಲೆ ಎರಡೇ ಕುರ್ಚಿಗಳಿದ್ದವು.

ಅವಳು ಯೋಜಿಸಿದ್ದು ನಿವೃತ್ತ ನರ್ಸ್ ಒಬ್ಬರಿಗೆ ಸನ್ಮಾನ. ಮೂವತ್ತು ಕುರ್ಚಿ, ಒಂದು ಮೈಕು, ಎರಡು ಹೂಕುಂಡ. ಈವೆಂಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾದ ಕೊನೆಯ ಪ್ರಾಕ್ಟಿಕಲ್ ಅದು. ಪಾಸಾದರೆ, ಮುಂದಿನ ಸಾಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕುಳಿತ ಪರೀಕ್ಷಕಿಯ ಕಂಪನಿಯಲ್ಲೇ ಸೋಮವಾರದಿಂದ ಕೆಲಸ.

ಪರೀಕ್ಷೆಯ ನಿಯಮ ವಿಚಿತ್ರ. ಯೋಜನೆ ಬರೆದವರು ಹಳದಿ ಗೆರೆಯ ಹಿಂದೆ ಬಾಯಿ ಮುಚ್ಚಿ ನಿಲ್ಲಬೇಕು. ಯಾವ ನಿಮಿಷಕ್ಕೆ ಏನು, ಯಾರು ಎಂದು ಬರೆದ ರನ್‌ಶೀಟನ್ನು ಸಹಪಾಠಿಗಳು ಕಣ್ಣು ಮುಚ್ಚಿ ಪಾಲಿಸಬೇಕು. "ಕಾಗದ ಮಾತಾಡ್ಬೇಕು, ನೀವಲ್ಲ," ಎಂದು ಪಾಠ ಮಾಡುವ ಮೇಡಂ ವರ್ಷವಿಡೀ ಹೇಳಿದ್ದರು. ಮಾತಾಡಿದರೆ ಫೇಲ್. ಗೆರೆ ದಾಟಿದರೂ ಫೇಲ್.

ಎರಡು ಕುರ್ಚಿ ಯಾವ ಕಾಗದದ್ದೆಂದು ಅವಳಿಗೆ ಗೊತ್ತಿತ್ತು. ಅದು ಅವಳ ಡೈರಿಯದು.

ನಾಲ್ಕು ಜನರ ಮುಂದೆ ಅವಳ ನಾಲಿಗೆ ಒಣಗುತ್ತಿತ್ತು. ಆದರೆ ಈ ಕೋರ್ಸಿಗೆ ಸೇರಿದ ಮೇಲೆ ಡೈರಿಯೂ ರನ್‌ಶೀಟಿನ ರೂಪ ತಾಳಿತ್ತು. ನಿಮಿಷ, ಕೆಲಸ, ಯಾರು, ಕೆಟ್ಟರೆ ಏನು. ಆ ನಾಲ್ಕು ಕಾಲಂ ಸಿಕ್ಕರೆ ಸಾಕು, ಬಾಯಲ್ಲಿ ಬಾರದ್ದೆಲ್ಲ ಬೆರಳಲ್ಲಿ ಬರುತ್ತಿತ್ತು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಿಂದ ಫೈಲು ಕಳಿಸಿದ್ದಳು. ಬೆರಳು ಒಂದು ಸಾಲು ಕೆಳಗೆ, ಡೈರಿಯ ಫೈಲಿನ ಮೇಲೆ ಬಿದ್ದಿತ್ತು, ಅಷ್ಟೇ.

ಅವಳ ಹೆಡ್‌ಸೆಟ್ಟಿನ ಮೈಕನ್ನು ಪರೀಕ್ಷೆಗೆಂದೇ ಬಿಚ್ಚಿಟ್ಟಿದ್ದರು. ಕೇಳಿಸುವುದು ಮಾತ್ರ. ಕಿವಿಯಲ್ಲಿ ಅವನ ದನಿ ಬಂತು. ಯಾರು ಯಾವಾಗ ಶುರು ಮಾಡಬೇಕೆಂದು ಕ್ಯೂ ಕೊಡುವ ಸಹಪಾಠಿ ಅವನೇ. ಊಟದ ಡಬ್ಬಿ ತೆರೆಯುವಾಗಲೂ ಐದು, ನಾಲ್ಕು, ಮೂರು ಎಂದು ಎಣಿಸುವವನಾದ್ದರಿಂದ ತರಗತಿಯಲ್ಲಿ ಅವನು ಕೌಂಟ್‌ಡೌನ್.

"ಮೂರು ಗಂಟೆ ನಾಲ್ಕು ನಿಮಿಷ. ಬಲಗಡೆ ಲೈಟ್ ಅರ್ಧಕ್ಕೆ. ಸ್ಟ್ಯಾಂಡ್‌ಬೈ... ಗೋ."

"ಸನ್ಮಾನಕ್ಕೆ ಅರ್ಧ ಲೈಟಾ?" ಎಂದಳು ಲೈಟಿನ ಬಳಿ ಇದ್ದ ಗೆಳತಿ. "ಸಂತಾಪ ಸಭೆ ಥರ ಇದೆ ಕಣೋ."

"ಶೀಟ್‌ನಲ್ಲಿ ಹಾಗೇ ಇದೆ. ಹಿಂಬಾಗಿಲು ತೆಗೆದಿಡಿ ಅಂತಾನೂ ಇದೆ. ತೆಗೀರಿ."

ಹಿಂಬಾಗಿಲು ತೆರೆಯಿತು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಚಾಚಿತು. ಅವನು ನಕ್ಕುಬಿಟ್ಟರೆ ಓಡಿಹೋಗಲೆಂದು ಅವಳೇ ಬರೆದುಕೊಂಡಿದ್ದ ಬಾಗಿಲು ಅದು.

"ಮೂರು ಗಂಟೆ ಆರು ನಿಮಿಷ. ಅವನು ಬಂದು ಎಡಗಡೆ ಕುರ್ಚಿಯಲ್ಲಿ ಕೂರುತ್ತಾನೆ. ಗೋ."

ಯಾರೂ ಬರಲಿಲ್ಲ.

"ಗೋ ಅಂದೆ! ಯಾರಪ್ಪಾ ಈ ಅವನು?"

"ಹೆಸರಿಲ್ವಾ?"

"ಇಲ್ಲ ಕಣೇ. 'ಟೇಪಿನ ಉರುಳೆಯನ್ನು ಬಳೆಯಂತೆ ತೊಟ್ಟು ಓಡಾಡುತ್ತಾನೆ. ನಗುವಾಗ ಮೊದಲು ಕಣ್ಣು ನಗುತ್ತದೆ, ಬಾಯಿ ಆಮೇಲೆ' ಅಂತ ಬರ್ದಿದಾಳೆ. ಇದೆಂಥಾ ಡಿಸ್ಕ್ರಿಪ್ಷನ್..."

ಲೈಟಿನ ಬಳಿಯಿಂದ ಗೆಳತಿ ಕತ್ತು ಚಾಚಿ ಅವನತ್ತ ನೋಡಿದಳು.

"ಏ ಕೌಂಟ್‌ಡೌನ್," ಗೆಳತಿ ಮೆಲ್ಲಗೆ ಅಂದಳು, "ನಿನ್ನ ಕೈ ನೋಡ್ಕೋ."

ಅವನು ಮಣಿಕಟ್ಟಿನತ್ತ ನೋಡಿದ. ಕಪ್ಪು ಟೇಪಿನ ಉರುಳೆ ಅಲ್ಲಿ ತೂಗುತ್ತಿತ್ತು. ಆಮೇಲೆ ಹಳದಿ ಗೆರೆಯತ್ತ ನೋಡಿದ. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಮುಖದಲ್ಲಿ ನಗು ಇರಲಿಲ್ಲ. ಸಿಡಿಲು ಬಡಿದವನ ಹಾಗೆ ನಿಂತಿದ್ದ.

ಆದರೂ ಶೀಟು ಶೀಟೇ. ಅವನು ನಡೆದು ಬಂದು ಎಡಗಡೆ ಕುರ್ಚಿಯ ತುದಿಯಲ್ಲಿ ಕುಳಿತ.

"ಮೂರು ಗಂಟೆ ಎಂಟು ನಿಮಿಷ," ಎಂದು ಓದಿದ. ದನಿ ಅರ್ಧಕ್ಕೆ ಇಳಿದಿತ್ತು. "'ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ. ಹೇಳುತ್ತೇನೆ.' ಸ್ಟ್ಯಾಂಡ್‌ಬೈ."

ಪರೀಕ್ಷಕಿ ತಲೆಯೆತ್ತಿದರು. ಮೇಡಂ ಎದ್ದೇ ನಿಂತರು. "ಗೆರೆ ದಾಟಿದ್ರೆ ನನ್ನ ಕೈಲಿ ಏನೂ ಮಾಡೋಕಾಗಲ್ಲಮ್ಮ. ಸುಮ್ನೆ ನಿಂತ್ಕೋ. ಒಂದು ಐಟಂ ಹೋದ್ರೆ ಐದೇ ಮಾರ್ಕ್ಸು ಹೋಗೋದು."

ಐದೇ ಮಾರ್ಕ್ಸು. ನಿಂತರೆ ಸೋಮವಾರ ಕೆಲಸ. ಓಡಿದರೆ ಬಾಗಿಲು ತೆರೆದೇ ಇದೆ. ಅವನು ಅವಳತ್ತ ನೋಡುತ್ತಿರಲಿಲ್ಲ. ಖಾಲಿ ಕುರ್ಚಿಯನ್ನು ನೋಡುತ್ತಿದ್ದ. ಅದು ಖಾಲಿಯಾಗೇ ಉಳಿದುಬಿಟ್ಟೀತು ಎಂಬ ಹೆದರಿಕೆ ಅವನ ಕುತ್ತಿಗೆಯ ನರದಲ್ಲಿ ಮಿಡಿಯುತ್ತಿತ್ತು. ವರ್ಷವಿಡೀ ಕದ್ದು ಕದ್ದು ನೋಡಿದ ಕುತ್ತಿಗೆ ಅದು. ಅವಳಿಗೆ ತಿಳಿಯದೇ?

"ಗೋ," ಎಂದ ಅವನು. ಅದು ಕ್ಯೂ ಕೊಡುವವನ ದನಿಯಾಗಿರಲಿಲ್ಲ. ಕೇಳಿಕೊಳ್ಳುವವನದು.

ಅವಳು ಗೆರೆ ದಾಟಿದಳು.

ಮುಂದಿನ ಸಾಲಿನಲ್ಲಿ ಸ್ಟಾಪ್‌ವಾಚ್ ಟಿಕ್ ಎಂದು ನಿಂತಿತು. ಅವಳು ಬಲಗಡೆ ಕುರ್ಚಿಯಲ್ಲಿ ಕುಳಿತಳು, ಕಣ್ಣು ಎದುರಿನ ಗೋಡೆಯ ಮೇಲೆ.

"ನೀನು ಹೆಡ್‌ಸೆಟ್‌ನಲ್ಲಿ ಎಲ್ಲರ ಜೊತೆ ಮಾತಾಡ್ತೀಯ," ಎಂದಳು. ದನಿ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. "ನನಗೊಬ್ಬಳಿಗೇ ಹೇಳ್ತಿದೀಯ ಅಂದ್ಕೊಂಡು ಕೇಳ್ತೀನಿ. ಮೊದಲ್ನೇ ದಿನದಿಂದ. ನಂಗೆ ನೀನು ಇಷ್ಟ. ಇಷ್ಟ ಅಂದ್ರೆ ತುಂಬಾ."

ಅವನು ಕಾಗದ ತಿರುಗಿಸಿ ನೋಡಿದ. ಹಿಂದೆ ಬರೀ ಬಿಳಿ.

"ಮುಂದೆ ಏನೂ ಬರ್ದೇ ಇಲ್ವಲ್ಲೇ."

"ಅದು ನಿನ್ನ ಐಟಂ. ನಾನು ಹೇಗೆ ಬರೀಲಿ?"

ಅವನು ಹೆಡ್‌ಸೆಟ್ ಕಳಚಿ ಮಡಿಲಲ್ಲಿಟ್ಟುಕೊಂಡ. "ನಿಂಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ನಾನು ಬಂದ ತಕ್ಷಣ ನೀನು ಎದ್ದು ಹೋಗ್ತಿದ್ದೆ. ಕ್ಯಾಂಟೀನಲ್ಲಿ ಒಂದಿನ ಅರ್ಧ ಕಾಫಿ ಬಿಟ್ಟು ಹೋದೆ. ಅದನ್ನ... ನಾನೇ ಕುಡಿದೆ."

ಅವಳು ಗಾಬರಿಯಿಂದ ತಿರುಗಿದಳು. "ಎಂಜಲು ಕಾಫೀನಾ!"

"ಹೂಂ. ತಣ್ಣಗಾಗಿತ್ತು. ಚೆನ್ನಾಗಿತ್ತು."

ಮೊದಲು ಕಣ್ಣು ನಕ್ಕಿತು. ಬಾಯಿ ಆಮೇಲೆ.

ಲೈಟಿನ ಕಡೆಯಿಂದ ಯಾರೋ ಶಿಳ್ಳೆ ಹಾಕಿದರು. ಪರೀಕ್ಷಕಿ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಮೂವತ್ತು ವರ್ಷದಲ್ಲಿ ಇಷ್ಟು ಕರೆಕ್ಟ್ ಟೈಮಿಗೆ ನಡೆದ ಈವೆಂಟ್ ನೋಡಿರ್ಲಿಲ್ಲ," ಎಂದರು. "ಫೇಲ್. ಮೂರು ತಿಂಗಳಾದ್ಮೇಲೆ ಮತ್ತೆ ಬಾ."

ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತು ಅವಳು ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಫೇಲಾದೆ."

ಆ ಕಡೆ ಪಾತ್ರೆ ಬಿದ್ದ ಸದ್ದು. "ಅಯ್ಯೋ! ಮತ್ತೆ ನಗ್ತಿದೀಯಲ್ಲೇ?"

"ಹೂಂ ಅಮ್ಮಾ," ಎಂದಳು. "ನಗು ನಿಲ್ತಾನೇ ಇಲ್ಲ."