ಬೆಳಕು ಹೆಚ್ಚಾದ ಫೋಟೋ

ಕೆನ್ನೆಯ ಹತ್ತಿರಕ್ಕೆ ಬಂದ ಗಂಡಸಿನ ಕೈ ಕಂಡು ಸುಶೀಲವ್ವ ಗಕ್ಕನೆ ಹಿಂದೆ ಸರಿದಳು.

"ಹೆದರಬ್ಯಾಡ್ರಿ. ಬೆಳಕ ಅಳ್ಯಾಕತ್ತೀನಿ," ಎಂದ ಫೋಟೋ ಸ್ಟುಡಿಯೋದ ಈರಬಸಪ್ಪ.

ಅವನ ಕೈಯಲ್ಲಿ ಪುಟ್ಟ ಮೀಟರು ಇತ್ತು. ಅದರ ಮುಳ್ಳು ನೋಡಬೇಕಾದವನು ಅವಳ ಕಣ್ಣನ್ನೇ ನೋಡುತ್ತ ನಿಂತುಬಿಟ್ಟ... ಪಕ್ಕದಲ್ಲಿ ಕೂತಿದ್ದ ಅವಳ ಅಪ್ಪ ಕುಬೇರಪ್ಪ ಕೆಮ್ಮಿದ ಮೇಲೆಯೇ ಎಚ್ಚರವಾಯಿತು.

ಎಂಬತ್ತರ ದಶಕದ ನವಲಗುಂದ ಅದು. ಯಮನೂರಿನ ಈ ಹುಡುಗಿಯ ಫೋಟೋ ಕುಂದಗೋಳದ ಗಂಡಿನ ಮನೆಗೆ ಹೋಗಬೇಕಿತ್ತು. ಹೆಣ್ಣು ತೋರಿಸುವ ಫೋಟೋಗೆ ಸ್ಟುಡಿಯೋಗಳಲ್ಲಿ ಒಂದು ರೂಢಿಯಿತ್ತು. ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಬಿಡುವುದು! ಎಂಥ ಕಪ್ಪು ಹುಡುಗಿಯೂ ಜೋಳದ ಹಿಟ್ಟಿನಷ್ಟು ಬೆಳ್ಳಗಾಗುತ್ತಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಮೊದಲನೇ ಸುಳ್ಳು ಅದೇ.

ಈರಬಸಪ್ಪ ರೂಢಿಯಂತೆ ಒಂದು ಫೋಟೋ ತೆಗೆದ. ಆಮೇಲೆ ಮೀಟರು ಹೇಳಿದಷ್ಟೇ ಬೆಳಕಿನಲ್ಲಿ ಇನ್ನೊಂದು ತೆಗೆದ. ಕುಬೇರಪ್ಪನ ಕೈಗೆ ಕೊಟ್ಟದ್ದು ಎರಡನೆಯದನ್ನು.

ಫೋಟೋ ಹೋದ ದಾರಿಯಲ್ಲೇ ವಾಪಸಾಯಿತು. ಹುಡುಗಿ ಕಪ್ಪಂತೆ. ಅವ್ವ ಊಟ ಬಿಟ್ಟು ಮಲಗಿದಳು. ಸುಶೀಲವ್ವನಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಮುಂದಿನ ಸಂತೆಗೆ ಬಂದವಳು ನೆಟ್ಟಗೆ ಸ್ಟುಡಿಯೋ ಹೊಕ್ಕಳು.

"ಅವರು ಒಲ್ಲೆ ಅಂದ್ರು. ಊರ ಹುಡಿಗ್ಯಾರಿಗೆಲ್ಲಾ ಬೆಳಕ ಸುರದ ಕೊಡ್ತೀರಿ. ನನಗಷ್ಟ ಯಾಕ ಕಡಿಮಿ ಮಾಡಿದ್ರಿ?"

ಅವನು ಮೊದಲನೆಯ ಫೋಟೋ ತೆಗೆದು ಅವಳ ಮುಂದಿಟ್ಟ.

ಅದರಲ್ಲೊಬ್ಬ ಬೆಳ್ಳನೆಯ ಹುಡುಗಿ ಇದ್ದಳು. ಮೂಗಿನ ಗೆರೆ ಮಾಯವಾಗಿತ್ತು. ಹುಬ್ಬು ಅರ್ಧ ಅಳಿಸಿತ್ತು. ತುಟಿಯ ಕೆಳಗಿನ ಮಚ್ಚೆಯೂ ಇರಲಿಲ್ಲ.

'ಇವಳು ಯಾರು? ಇವಳನ್ನು ಒಪ್ಪಿದ್ದರೆ ಆ ಮನೆಯಲ್ಲಿ ನಾನು ಜೀವನವಿಡೀ ಇವಳಿಗೆ ಹೆದರಿಕೊಂಡು ಇರಬೇಕಿತ್ತಲ್ಲ...'

ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಯಾವ್ದು ಕೊಡಬೇಕು ಅಂತ ನನ್ನ ಕೇಳಬೇಕಿತ್ತು. ತಪ್ಪಿದ ಸಂಬಂಧ ನಂದು, ನಿಮ್ಮದಲ್ಲ."

"ತಪ್ಪಾತ್ರಿ," ಎಂದು ಅವನು ತಲೆ ತಗ್ಗಿಸಿದ. "ಇದರಾಗ ನೀವು ಇರಲಿಲ್ಲ. ಕೊಡಾಕ ಕೈ ಬರಲಿಲ್ಲ. ಅವರು ಒಲ್ಲೆ ಅಂದ್ರು ಅಂತ ಈಗ ನೀವು ಹೇಳಿದ ಕೂಡ್ಲೆ ನನಗ ಸಂತೋಷ ಆತು. ಅದೂ ತಪ್ಪ."

ಇಷ್ಟು ದಿನ ಮನೆಯಲ್ಲಿ ಎಲ್ಲರೂ ಸುಶೀಲವ್ವನ ಬಣ್ಣದ ಮಾತಾಡಿದ್ದರು. ಅವಳನ್ನು ನೋಡಿದವನು ಇವನೊಬ್ಬನೇ. ಅವಳು ಬೆಳ್ಳನೆಯ ಫೋಟೋವನ್ನು ಮೇಜಿನ ಮೇಲೆ ಬೋರಲಾಗಿಟ್ಟಳು.

"ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲೇನ್ರಿ?" ಅವನು ತಲೆ ಎತ್ತಿದ. "ಈ ಸಲ ನಿಮ್ಮನ್ನ ಕೇಳಾಕತ್ತೀನಿ."

"ಅವರಿಗೆ ನನ್ನ ಫೋಟೋ ತೋರ್ಸೀರೇನು?"

"ಇಲ್ರಿ."

"ತೋರಸಬ್ಯಾಡ್ರಿ." ಅವಳು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. "ಮಧ್ಯಾಹ್ನದಾಗ ಬರಾಕ ಹೇಳ್ರಿ. ನಮ್ಮ ಪಡಸಾಲಿಗೆ ಆವಾಗ ಬಿಸಲ ಚಲೋ ಬೀಳತೈತಿ."