ಕಡ್ಡಿ ತುಂಬಾ ಹಗುರ

"ಇದು ಮರ ಕುಡಿದ ನೀರಲ್ಲ. ನೀವು ಬಿಸಿಲಿಗೆ ಆರಿಸಿದ ನೀರು."

ಲ್ಯಾಬಿನ ಕಿಟಕಿಯಾಚೆ ಕೂತಿದ್ದವನು ತಲೆ ಎತ್ತದೆ ಅಷ್ಟು ಹೇಳಿ, ಅವಳು ಸಂಶೋಧನೆಗೆಂದು ಮರದ ಕಡ್ಡಿ ತುಂಬಿ ತಂದ ನಲವತ್ತು ಸೀಸೆಗಳ ಪೆಟ್ಟಿಗೆಯನ್ನು ವಾಪಸ್ ತಳ್ಳಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ದಿನ ಹೊಳೆಯ ದಂಡೆಯಲ್ಲಿ ಮರ ಹತ್ತಿ ಇಳಿದವಳು ಅವಳು!

"ಒಂದೆರಡು ಮುಚ್ಚಳ ಸಡಿಲ ಇದ್ರೆ ಎಲ್ಲಾನೂ ಬೇಡ ಅಂತೀರಾ?"

"ಹನ್ನೊಂದು ಸಡಿಲ ಇವೆ. ಉಳಿದಿದ್ದರ ಮೇಲೆ ನನಗೆ ನಂಬಿಕೆ ಇಲ್ಲ."

ಕಡ್ಡಿ ಮುರಿದ ಹಾಗೆ ಮಾತು. ತಮಾಷೆಯೆಂದರೆ, ವಿಭಾಗದಲ್ಲಿ ಎಲ್ಲರೂ 'ಕಡ್ಡಿ' ಎಂದು ಕರೆಯುತ್ತಿದ್ದದ್ದು ಅವಳನ್ನು. ಆಳೂ ಸಣಕಲು, ಕೈಯಲ್ಲೂ ಸದಾ ಮರದ ಕಡ್ಡಿ. ಅಂಥ ಹೆಸರು ಅಂಟದೆ ಬಿಡುತ್ತದೆಯೇ?

ಅವನು ಹೇಳಿದ್ದು ನಿಜವಾಗಿತ್ತು. ಅವಳ ಸಿಟ್ಟಿಗೆ ಅದೂ ಒಂದು ಕಾರಣ. ನೀರಿನಲ್ಲಿ ಭಾರದ್ದು, ಹಗುರದ್ದು ಎರಡೂ ಬೆರೆತಿರುತ್ತವೆ. ಐಸೋಟೋಪ್ ಅಳೆಯುವವರು ನೋಡುವುದು ಅದನ್ನೇ. ಬಿಸಿಲಿಗೆ ಹಗುರದ್ದು ಬೇಗ ಆವಿಯಾಗುತ್ತದೆ, ಭಾರದ್ದು ಉಳಿಯುತ್ತದೆ. ಹಾಗಾಗಿ ಹೊಳೆಯ ನೀರು ಭಾರ, ನೆಲದಾಳದ್ದು ಹಗುರ. ಕಡ್ಡಿಯೊಳಗಿನ ನೀರನ್ನು ಅಳೆದರೆ ಮರ ಯಾವುದನ್ನು ಕುಡಿದಿದೆ ಎಂದು ತಿಳಿಯುತ್ತದೆ. ಮುಚ್ಚಳ ಸಡಿಲವಾದರೆ ಮಾತ್ರ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮಾರನೆಯ ದಿನ ಅವಳು ಮತ್ತೆ ಮರ ಹತ್ತಿದ್ದಾಗ ಕೆಳಗಿನಿಂದ ದನಿ ಬಂತು.

"ಹುಷಾರು ಕಣ್ರೀ. ಏಣಿ ಹಿಡ್ಕೊಂಡಿದೀನಿ."

ಅವನೇ! ಜೇಬಿನಲ್ಲಿ ಮುಚ್ಚಳಕ್ಕೆ ಸುತ್ತುವ ಪಟ್ಟಿ ಬೇರೆ ತಂದಿದ್ದ.

"ಬೈಯೋಕೆ ಇಲ್ಲೀತನಕ ಬಂದ್ರಾ?"

"ಬೈದಿದ್ದು ಜಾಸ್ತಿ ಆಯ್ತು ಅನ್ನಿಸ್ತು. ಅದಕ್ಕೆ ಬಂದೆ."

ಆಮೇಲೆ ಪ್ರತಿ ವಾರವೂ ಬಂದ. ಅವಳು ಕತ್ತರಿಸುವುದು, ಅವನು ಸೀಸೆಗೆ ಹಾಕಿ ಬಿಗಿಯುವುದು. ಎರಡು ತಿಂಗಳಲ್ಲಿ ಅವಳಿಗೆ ಮರಕ್ಕಿಂತ ಏಣಿಯ ಬುಡದ ಕಡೆಗೇ ಗಮನ ಹೆಚ್ಚಾಯಿತು. ಪ್ರೀತಿಯೆಂದು ಒಪ್ಪಿಕೊಳ್ಳಲು ಇನ್ನೂ ಒಂದು ತಿಂಗಳು ಹಿಡಿಯಿತು, ಅಷ್ಟೆ.

ಇವತ್ತು ಹೇಳಿಬಿಡಬೇಕು ಎಂದು ಲ್ಯಾಬಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅವನು ಫೋನಿನಲ್ಲಿ ವಿಭಾಗದ ದೊಡ್ಡ ಮೇಡಂ ಜೊತೆ ಮಾತಾಡುತ್ತಿದ್ದ.

"ಕಡ್ಡಿ ತುಂಬಾ ಹಗುರ, ಮೇಡಂ. ಸುಮ್ಮನೆ ನಂಬೋಕಾಗಲ್ಲ."

ಅವಳ ಕಾಲು ಅಲ್ಲೇ ನಿಂತಿತು.

ನಾನು ಹಗುರಾನಾ? ದಂಡೆಯಲ್ಲಿ ನಕ್ಕಿದ್ದು, ಹರಟೆ ಹೊಡೆದದ್ದು... ಅದಕ್ಕೆಲ್ಲ ಇವರು ಕೊಟ್ಟ ಅರ್ಥ ಇದಾ?

ಬಂದ ದಾರಿಯಲ್ಲೇ ಹಿಂತಿರುಗಿದಳು. ಆ ರಾತ್ರಿ ದಿಂಬು ಒದ್ದೆಯಾಯಿತು. ಬೆಳಿಗ್ಗೆ ದೊಡ್ಡ ಮೇಡಂ ಬಳಿ ಹೋಗಿ, ಮುಂದಿನ ಕೆಲಸವನ್ನು ಬೇರೆ ಊರಿನ ಲ್ಯಾಬಿನಲ್ಲಿ ಮಾಡುತ್ತೇನೆಂದು ಹಟ ಹಿಡಿದಳು. ಸೋಮವಾರ ಹೊರಡುವುದೆಂದು ನಿಶ್ಚಯವಾಯಿತು. ಅವನ ಫೋನ್ ಒಂದನ್ನೂ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಪುಸ್ತಕ ಕಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಾಗದಗಳು, ನಿದ್ದೆಗೆಟ್ಟ ಕಣ್ಣು.

"ಹೋಗೋದಾದ್ರೆ ಹೋಗಿ. ಇದನ್ನ ನೋಡ್ಕೊಂಡು ಹೋಗಿ."

"ಹಗುರ ಆದವಳ ಕೆಲಸ ನಿಮಗ್ಯಾಕೆ, ಸರ್?"

"ಯಾರು ಹಗುರ?"

"ನೀವೇ ಅಂದ್ರಲ್ಲ. ಕಡ್ಡಿ ತುಂಬಾ ಹಗುರ, ನಂಬೋಕಾಗಲ್ಲ ಅಂತ. ನನ್ನ ಕಿವಿಯಾರೆ ಕೇಳಿದೀನಿ."

ಅವನು ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದ.

"ಕಡ್ಡಿ ಅಂದ್ರೆ ಕಡ್ಡೀನೇ ರೀ... ಮರದ ಕಡ್ಡಿ! ಹೊಳೇಲಿ ಕಾಲಿಟ್ಟು ನಿಂತಿರೋ ಮರ ಹೊಳೆ ನೀರು ಕುಡೀತಾನೇ ಇಲ್ಲ, ಆಳದ್ದು ಕುಡೀತಿದೆ. ಸುಮ್ಮನೆ ಯಾರು ನಂಬ್ತಾರೆ? ಅದಕ್ಕೇ ಮೂರು ಸಲ ಅಳೆದೆ. ಮೂರು ಸಲಾನೂ ಹಗುರಾನೇ ಬಂತು." ದನಿ ತಗ್ಗಿತು. "ನಾನು ಯಾವತ್ತಾದ್ರೂ ನಿಮ್ಮನ್ನ ಕಡ್ಡಿ ಅಂತ ಕರೆದಿದೀನಾ?"

ಇಲ್ಲ. ಊರೆಲ್ಲ ಕರೆದರೂ ಅವನೊಬ್ಬ ಕರೆದಿರಲಿಲ್ಲ. ದಿನಕ್ಕೆ ನೂರು ಸಲ ಹಗುರ, ಭಾರ ಎನ್ನುವವಳಿಗೇ ಆ ಮಾತು ಅರ್ಥವಾಗಿರಲಿಲ್ಲ! ನಗು ಬಂತು, ಅದರ ಜೊತೆಗೇ ಅಳುವೂ ಬಂತು.

"ಅವತ್ತು ನಾನು ನಿಮಗೆ ಒಂದು ಮಾತು ಹೇಳೋಕೆ ಬಂದಿದ್ದೆ."

"ಏನು?"

"ನಿಮ್ಮನ್ನ ಬಿಟ್ಟಿರೋಕೆ ಕಷ್ಟ ಆಗ್ತಿದೆ ಅಂತ."

ನೇರ ಮಾತಿನ ಮನುಷ್ಯನ ನಾಲಿಗೆ ಅವತ್ತು ಮೊದಲ ಸಲ ತಡವರಿಸಿತು.

"ನಾಳೆ... ನಮ್ಮನೆಗೆ ಊಟಕ್ಕೆ ಬರ್ತೀರಾ? ಅಮ್ಮನಿಗೆ ಹೇಳಿದೀನಿ."

"ಏನಂತ?"

"ಒಬ್ಬರು ಊಟಕ್ಕೆ ಬರ್ತಾರೆ ಅಂತ."

"ಒಂದು ಊಟಕ್ಕಾ?"

ಅವನು ಅವಳ ಮುಖ ನೋಡಿದ.

"ಅಮ್ಮನಿಗೆ ಹಾಗೆ ಹೇಳಿದೀನಿ. ನನ್ನ ಮನಸಲ್ಲಿ ದಿನಾ ಅಂತಿದೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹಾಗಾದ್ರೆ ಅಮ್ಮನಿಗೂ ನಿಜಾನೇ ಹೇಳಿ."